ಒಂದೂವರೆ ಸೆಕೆಂಡು

ಒಂಬೈನೂರು ಮೀಟರು. ಬತ್ತಿದ ಕೆರೆಯಂಗಳದ ಆ ತುದಿಗೆ
ಹತ್ತು ಫಲಕಗಳು, ಹಿಂದೆ ಮಣ್ಣಿನ ಏರಿ,
ಏರಿಯ ಬೆನ್ನಿಗೆ ದೇವರಾಯನದುರ್ಗದ ಬಂಡೆ.
ಚಾಪೆಯ ಮೇಲೆ ಬೋರಲು ಮಲಗಿದ್ದೇನೆ,
ಐವತ್ತೆಂಟರ ಹೆಂಗಸು, ಮಂಡಿಗೆ ಎಣ್ಣೆ ತಿಕ್ಕಿಕೊಂಡು ಬಂದವಳು.
ಎಡತೋಳಿಗೆ ಬಿಗಿದ ಪಟ್ಟಿಯಲ್ಲಿ
ನನ್ನ ನಾಡಿ ನನಗೇ ಕೇಳಿಸುತ್ತಿದೆ.

ಇಪ್ಪತ್ತಾರು ವರ್ಷ ತುಮಕೂರಿನ ಗಡಿಯಾರ ಕಾರ್ಖಾನೆಯಲ್ಲಿ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಕೂದಲೆಳೆಯ ಸುರುಳಿಗಳನ್ನು ಕೂರಿಸಿದೆ.
ಸೀನಿದರೆ ಹಾರಿಹೋಗುವ ತಿರುಪುಗಳು
ಉಸಿರು ಹಿಡಿಯುವುದನ್ನು ಕಲಿಸಿದವು.
ಬಾಗಿಲಿಗೆ ಬೀಗ ಬಿದ್ದ ಮೇಲೆ ಒಂದು ದಿನ
ತಮ್ಮನ ಮಗಳನ್ನು ಎನ್‌ಸಿಸಿಗೆ ಬಿಡಲು ಬಂದು
ಅವಳ ಕಿತ್ತ ಗುಂಡಿಗೆಂದು
ಬಿರುಗಾಳಿಯಲ್ಲಿ ನಿಂತು ಸೂಜಿಗೆ ದಾರ ಪೋಣಿಸಿದೆ.
ಸುಬೇದಾರ್ ಓಬಳಪ್ಪ ನೋಡುತ್ತಿದ್ದರು.
"ಒಂದೇ ಸಲಕ್ಕೆ ಹೋಯ್ತಲ್ಲಮ್ಮ. ಬಾ ಇಲ್ಲಿ."

ಗಾಳಿಯ ಲೆಕ್ಕ ಬೇರೆ.
ಮುನ್ನೂರರ ಬಾವುಟ ಬಲಕ್ಕೆ,
ಆರುನೂರರದ್ದು ಸತ್ತಂತೆ ಜೋತಿದೆ,
ಫಲಕದ ಮೇಲಿನದು ಎಡಕ್ಕೆ ಬಾಲ ಅಲ್ಲಾಡಿಸುತ್ತಿದೆ.
ದುರ್ಬೀನಿನಲ್ಲಿ ಬಿಸಿಲ್ಗುದುರೆ ಕುದಿಯುತ್ತಿದೆ
ರಾಗಿ ಅಂಬಲಿಯ ಹಾಗೆ, ಬಲದಿಂದ ಎಡಕ್ಕೆ.
ಓಬಳಪ್ಪ ಹೇಳುವುದು ಇಷ್ಟೇ:
"ಬಾವುಟ ಹೋದ ಗಾಳಿಯ ಸುದ್ದಿ ಹೇಳುತ್ತೆ.
ಬರೋ ಗಾಳೀನ ಹುಲ್ಲು ಕೇಳು."
ಹುಲ್ಲೋ, ಆಡುಗಳು ಮೇದು ಮುಗಿಸಿವೆ.

ಒಂಬತ್ತನೆಯ ಗುಂಡಿನ ಹೊತ್ತಿಗೆ ಸೀಟಿ.
ಎಲ್ಲರೂ ಬೋಲ್ಟು ತೆರೆದು ಕೈ ಬಿಟ್ಟೆವು.
ಐನೂರರ ಹತ್ತಿರ ಅದೇ ಆಡುಗಳು, ಹಿಂದೊಬ್ಬ ಅಜ್ಜಿ.
ನಮ್ಮ ಸಾಲನ್ನು ಬಸ್ ನಿಲ್ದಾಣ ನೋಡುವಂತೆ ನೋಡಿ
ನಿಧಾನಕ್ಕೆ ದಾಟಿದಳು.
ಧ್ವನಿವರ್ಧಕದ ಬೈಗುಳಕ್ಕೆ ಅವಳ ಉತ್ತರ
ಗಾಳಿಯಲ್ಲಿ ತೇಲಿ ಬಂತು:
"ನಾಕು ತಲೆಮಾರಿಂದ ಇದೇ ದಾರಿ ಕಣಪ್ಪ. ನಿಮ್ದು ಯಾವತ್ತಿಂದ?"
ಸಾಲಿಗೆ ಸಾಲೇ ನಕ್ಕಿತು.
ನಕ್ಕರೆ ನಾಡಿ ಏರುತ್ತದೆ. ನಗದಿರಲು ನೋಡಿದೆ, ಆಗಲಿಲ್ಲ.

ಮತ್ತೆ ಶುರು. ಹತ್ತು, ಹನ್ನೊಂದು, ಹನ್ನೆರಡು,
ಎಲ್ಲ ಕಪ್ಪಿನ ನಡುವಿಗೇ.
ಎಡಕ್ಕೆ ಎರಡು ಟಿಕ್, ಆಮೇಲೆ ಒಂದು ಟಿಕ್ ವಾಪಸ್ಸು.
ಆ ಸದ್ದು ಹಳೆಯ ಪರಿಚಯ.
ಹದಿನೈದನೆಯದು, ಕೊನೆಯದು.
ಅರ್ಧ ಉಸಿರು ಬಿಟ್ಟು
ಎರಡು ಬಡಿತಗಳ ನಡುವಿನ ಸಂದಿಯಲ್ಲಿ
ಬೆರಳು ತನಗೇ ಗೊತ್ತಿಲ್ಲದಂತೆ ಮಡಚಿತು.

ಭುಜಕ್ಕೆ ಗುದ್ದು.
ಗುಂಡು ಅಲ್ಲಿಗೆ ಮುಟ್ಟಲು ಒಂದೂವರೆ ಸೆಕೆಂಡು.
ನಾವು ಕೂಡಿಸುತ್ತಿದ್ದ ಗಡಿಯಾರ ಅಷ್ಟರಲ್ಲಿ
ಏಳೂವರೆ ಸಲ ಮಿಡಿಯುತ್ತಿತ್ತು.
ಅಷ್ಟು ಹೊತ್ತು ಅದು ನನ್ನದಲ್ಲ, ಫಲಕದ್ದೂ ಅಲ್ಲ.

ಆರನೆಯ ಫಲಕ ನಿಂತೇ ಇತ್ತು.
ಏಳನೆಯದು ಇಳಿಯಿತು, ಏರಿತು:
ನಟ್ಟನಡುವೆ ಬಿಳಿ ಬಿಲ್ಲೆ,
ಬೆಳಗಿನಿಂದ ಯಾರದೂ ಅಷ್ಟು ನಡುವೆ ಬಿದ್ದಿರಲಿಲ್ಲ.
ಪಕ್ಕದ ಚಾಪೆಯ ಶಬೀನಾ, ಶಿರಾದ ಹುಡುಗಿ,
ಬಂದೂಕಿನಿಂದ ಕೆನ್ನೆ ತೆಗೆದಳು.
"ಆಂಟಿ, ನಾನಿನ್ನೂ ಹೊಡೆದೇ ಇಲ್ಲ."

ಬರೆಯುವವನಿಗೆ ನಾನೇ ಹೇಳಿದೆ: ನನ್ನದು. ಸೊನ್ನೆ ಹಾಕಿ.
ಓಬಳಪ್ಪ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ, "ಗಾಳಿ ಸರಿಯಾಗೇ ಓದಿದೀಯ.
ಫಲಕದ ನಂಬರ್ ಓದೋದು ಮರೆತೆ."

ಮುಂದಿನ ಸರದಿಗೆ ಕುಣಿಯೊಳಗೆ ನನ್ನ ಪಾಳಿ,
ಸಿಕ್ಕಿದ್ದೂ ಏಳನೆಯದೇ.
ಹುಡುಗರು ಅವಸರದಲ್ಲಿ ಹಚ್ಚಿದ ಚೀಟಿ ಅರ್ಧ ಎದ್ದಿತ್ತು.
ಕಿರುಬೆರಳೂ ಹೋಗದಷ್ಟು ತೂತು.
ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಿದೆ:
ಕುಣಿಯ ಗೋಡೆ, ಗೋಡೆಯ ಮೇಲೆ ಒಂದು ಇರುವೆ,
ಎಲ್ಲಿಗೋ ಹೊರಟಿತ್ತು.
ಮೈದಾ ಅಂಟು ಸವರಿ ಚೀಟಿ ಒತ್ತಿದೆ.
ಹಗ್ಗ ಎಳೆದೆ. ಫಲಕ ಏರಿತು.
ಯಾರದೋ ಒಂದೂವರೆ ಸೆಕೆಂಡು
ನನ್ನ ನೆತ್ತಿಯ ಮೇಲೆ ಹಾದುಹೋಯಿತು.